ಗಿಡಮೂಲಿಕೆಗಳ ಗುಣ-ದೋಷ ಪರೀಕ್ಷೆ: ಮಲೆನಾಡಿನ ಹಿನ್ನೆಲೆಯಲ್ಲಿ ಒಂದು ವಿವೇಚನೆ

ತುಂಗೆಯ ದಂಡೆಯ ಶೃಂಗೇರಿ, ಭದ್ರೆಯ ಸೆರಗಿನ ನರಸಿಂಹರಾಜಪುರ, ಇವೆರಡರ ನಡುವೆ ಗುಡ್ಡ-ಕಣಿವೆಗಳಲ್ಲಿ ಹರಡಿಕೊಂಡಿರುವ ಕೊಪ್ಪ: ಈ ಮೂರು ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಯ ಅಪ್ಪಟ ಮಲೆನಾಡು. ಇಲ್ಲಿಯ ಒಂಟಿಮನೆಗಳಿಗೆ ಹಿತ್ತಿಲೇ ತಲೆತಲಾಂತರದಿಂದ ಔಷಧಾಲಯವಾಗಿ ಬಂದಿದೆ. ಕೆಮ್ಮಿಗೆ ಆಡುಸೋಗೆ, ಕೂಸಿನ ಶೀತಕ್ಕೆ ದೊಡ್ಡಪತ್ರೆ, ಕಾಮಾಲೆಗೆ ನೆಲನೆಲ್ಲಿ, ಜ್ವರಕ್ಕೆ ಅಮೃತಬಳ್ಳಿಯ ಕಷಾಯ, ಊಟದ ಎಲೆಗೆ ಒಂದೆಲಗದ ತಂಬುಳಿ. ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಕಡಿದ ದಿನಗಳಲ್ಲಿ, ವೈದ್ಯರಿಲ್ಲದ ಊರುಗಳ ಕೈಹಿಡಿದದ್ದು ಈ ತಿಳಿವಳಿಕೆಯೇ. ಆದುದರಿಂದ ಅದನ್ನು ಹಗುರವಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ ಪೂಜ್ಯಭಾವವೊಂದೇ ಔಷಧಕ್ಕೆ ಪ್ರಮಾಣವಾಗಲಾರದು. ಯಾವುದೇ ಔಷಧದ ಮುಂದೆ ಎರಡು ಪ್ರಶ್ನೆಗಳನ್ನು ಇಡಲೇಬೇಕಾಗುತ್ತದೆ. ಇದರಿಂದ ನಿಜವಾಗಿ ಗುಣವಾಗುವುದೆ? ಇದರಿಂದ ಕೇಡಾಗದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವ ಕ್ರಮವೆಂಥದು, ಇಲ್ಲಿಯವರೆಗೆ ದೊರೆತ ಉತ್ತರಗಳೇನು ಎಂಬುದರ ವಿವೇಚನೆ ಇಲ್ಲಿದೆ.

ಪರಂಪರೆಯಲ್ಲಿಯೇ ಇರುವ ಎಚ್ಚರ

ಪರೀಕ್ಷಿಸಿ ನೋಡಬೇಕೆಂಬ ಮಾತು ಪರಂಪರೆಗೆ ಹೊರಗಿನದೆಂದು ತಿಳಿಯುವುದು ತಪ್ಪು. ಅರಿಯದೆ ಬಳಸಿದ ಔಷಧವು ವಿಷಕ್ಕೆ ಸಮಾನ, ಅರಿತು ಬಳಸಿದ್ದು ಅಮೃತಕ್ಕೆ ಸಮಾನ ಎಂಬ ಅಭಿಪ್ರಾಯವನ್ನು ಚರಕಸಂಹಿತೆ ಸ್ಪಷ್ಟವಾಗಿ ಮಂಡಿಸಿದೆ. ಕಾಡಿನಲ್ಲಿ ತಿರುಗುವ ದನಗಾಹಿಗಳು ಗಿಡದ ಹೆಸರು-ರೂಪಗಳನ್ನು ಬಲ್ಲರು. ಅಷ್ಟರಿಂದಲೇ ಅದರ ಪ್ರಯೋಗವನ್ನು ಬಲ್ಲವರಾಗುವುದಿಲ್ಲ ಎಂದೂ ಅದೇ ಗ್ರಂಥ ಎಚ್ಚರಿಸುತ್ತದೆ. ಕನ್ನಡದಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಸಂಸ್ಕೃತ ಕೃತಿಯನ್ನು 'ಕರ್ಣಾಟಕ ಕಲ್ಯಾಣಕಾರಕ'ವೆಂಬ ಹೆಸರಿನಿಂದ ಕನ್ನಡಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ'ವಂತೂ ವಿಷವೈದ್ಯಕ್ಕೇ ಮೀಸಲಾದ ಕೃತಿ. ಜಂಗಮ ವಿಷದ ಜೊತೆಗೆ ಸ್ಥಾವರ ವಿಷವನ್ನೂ, ಎಂದರೆ ಗಿಡ-ಬೇರುಗಳ ವಿಷವನ್ನೂ ಅದು ವಿಚಾರ ಮಾಡುತ್ತದೆ. ಬೇರಿನಲ್ಲಿ ಮದ್ದು ಮಾತ್ರವಲ್ಲ, ನಂಜೂ ಇದೆಯೆಂಬುದು ಕನ್ನಡ ಕವಿಗೆ ಆರು ಶತಮಾನಗಳ ಹಿಂದೆಯೇ ತಿಳಿದಿದ್ದಿತು.

ವಚನಕಾರರಲ್ಲಿ ವೈದ್ಯ ಸಂಗಣ್ಣನನ್ನು ಇಲ್ಲಿ ನೆನೆಯಬೇಕು. 'ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ' ಎಂಬ ಅಂಕಿತದ ಅವನ ವಚನಗಳಲ್ಲಿ ರೋಗ-ಔಷಧಗಳ ಪರಿಭಾಷೆಯೇ ಭವರೋಗದ ವಿವೇಚನೆಗೆ ಒದಗಿಬಂದಿದೆ. ವೈದ್ಯವೃತ್ತಿಯೂ ಕಾಯಕಗಳಲ್ಲಿ ಒಂದಾಗಿದ್ದಿತೆಂಬುದಕ್ಕೆ ಅವನ ಹೆಸರೇ ಸಾಕ್ಷಿ. ಕಾಯಕವೆಂದಮೇಲೆ ಅದು ಸತ್ಯಶುದ್ಧವಾಗಿರಬೇಕಾದುದು ಶರಣರ ನಿಲುವು. ಔಷಧದ ವಿಷಯದಲ್ಲಿ ಸತ್ಯಶುದ್ಧಿಯೆಂದರೆ ಏನೆಂಬುದೇ ಮುಂದಿನ ವಿಚಾರ.

'ಗುಣವಾಯಿತು' ಎಂಬ ಮಾತಿನ ಅರ್ಥ

ಮದ್ದು ಕುಡಿದರು, ಕಾಯಿಲೆ ಹೋಯಿತು. ಆದುದರಿಂದ ಮದ್ದಿನಿಂದಲೇ ಹೋಯಿತು ಎಂಬುದು ಸಾಮಾನ್ಯ ತರ್ಕ. ಇದರಲ್ಲಿ ಒಂದು ತೊಡಕಿದೆ. ಮಲೆನಾಡಿನಲ್ಲಿ ಮಕ್ಕಳಿಗೆ ಬರುವ ಕಾಮಾಲೆಯ ದೊಡ್ಡ ಪಾಲು ಕೆಟ್ಟ ನೀರಿನಿಂದ ಹರಡುವ 'ಎ' ಜಾತಿಯ ವೈರಾಣುವಿನದು. ಬಹುತೇಕ ರೋಗಿಗಳಲ್ಲಿ ಅದು ಪಥ್ಯ-ವಿಶ್ರಾಂತಿಗಳಿಂದ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಂಥ ಕಾಯಿಲೆಯಲ್ಲಿ ಯಾವ ಸೊಪ್ಪಿನ ರಸ ಕುಡಿಸಿದರೂ ಆ ಸೊಪ್ಪಿಗೆ ಕೀರ್ತಿ ಬರುವುದು ಸಹಜ.

ಹಾವಿನ ಕಡಿತದಲ್ಲಿ ಈ ತೊಡಕು ಇನ್ನೂ ಗಂಭೀರವಾದುದು. ಕಾಡಿನ ಹಾವುಗಳಲ್ಲಿ ಹೆಚ್ಚಿನವು ವಿಷರಹಿತ. ವಿಷದ ಹಾವು ಕಚ್ಚಿದಾಗಲೂ ಪ್ರತಿ ಸಲವೂ ವಿಷ ಇಳಿಯುವುದಿಲ್ಲ. ಹೀಗಾಗಿ ಬೇರು ತೇದು ಕುಡಿಸಿದವರಲ್ಲಿ ಹಲವರು ಬದುಕುತ್ತಾರೆ. ಅವರು ಬೇರಿಲ್ಲದೆಯೂ ಬದುಕುತ್ತಿದ್ದರು. ನಿಜವಾಗಿ ವಿಷವೇರಿದವನು ಮಾತ್ರ ಮದ್ದಿನ ಮನೆಯ ಅಂಗಳದಲ್ಲಿಯೇ ಆಸ್ಪತ್ರೆಯ ಹೊತ್ತನ್ನು ಕಳೆದುಕೊಳ್ಳುತ್ತಾನೆ. ಬದುಕಿದವರು ಊರಿನ ಬಾಯಲ್ಲಿ ಉಳಿಯುತ್ತಾರೆ, ಸತ್ತವನ ಪಾಲಿಗೆ 'ಆಯುಷ್ಯ ಮುಗಿದಿತ್ತು' ಎಂಬ ಸಮಾಧಾನ ಉಳಿಯುತ್ತದೆ. 2000ದಿಂದ 2019ರವರೆಗಿನ ಅವಧಿಯನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವಿನ ಕಡಿತದಿಂದ ಸಾಯುತ್ತಾರೆಂದು ಅಂದಾಜು ಮಾಡಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಗಳ ಪಟ್ಟಿಗೆ ಸೇರಿಸಿದುದು ಇದರ ಗಾಂಭೀರ್ಯವನ್ನು ತೋರುತ್ತದೆ.

ಹಾಗಾದರೆ ಮದ್ದಿನ ಗುಣವನ್ನೂ ಕಾಲದ ಗುಣವನ್ನೂ ಬೇರ್ಪಡಿಸುವುದೆಂತು? ಈ ಸೀಮೆಯ ತೋಟಗಾರರಿಗೆ ಇದರ ಉತ್ತರ ಹೊಸದಲ್ಲ. ಅಡಕೆಗೆ ಕೊಳೆರೋಗ ಬಿದ್ದಾಗ ಮೈಲುತುತ್ತ-ಸುಣ್ಣಗಳ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮ ಇಂದು ಮನೆಮಾತಾಗಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಕೇಂದ್ರ ಸ್ಥಾಪನೆಯಾಗುವುದರಲ್ಲಿಯೂ ಅವರ ಶ್ರಮವಿದ್ದಿತು. ಅದೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನ ಸಂಸ್ಥೆ. ಇಂಥ ಪ್ರಯೋಗಕೇಂದ್ರಗಳ ಮೂಲಸೂತ್ರ ಸರಳವಾದುದು. ಒಂದು ಸಾಲಿಗೆ ಮದ್ದು ಹೊಡೆಯಬೇಕು. ಪಕ್ಕದ ಸಾಲನ್ನು ಹಾಗೆಯೇ ಬಿಡಬೇಕು. ಮಣ್ಣು, ನೆರಳು, ಮಳೆ ಎರಡಕ್ಕೂ ಒಂದೇ ಇರಬೇಕು. ಆಮೇಲೆ ಎರಡನ್ನೂ ಎಣಿಸಿ ನೋಡಬೇಕು. ಮಳೆ ಕಡಿಮೆಯಾದ ವರ್ಷ ಕೊಳೆ ಬರಲಿಲ್ಲವೆಂದು ಯಾವ ರೈತನೂ ಸಿಂಪರಣೆಯನ್ನು ಹೊಗಳುವುದಿಲ್ಲ.

ಮನುಷ್ಯರ ಮೇಲಿನ ಔಷಧಪರೀಕ್ಷೆಯೂ ಇದೇ ಸೂತ್ರವನ್ನು ಅನುಸರಿಸುತ್ತದೆ. ಒಂದೇ ಬಗೆಯ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಹಂಚುತ್ತಾರೆ. ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ನೋಡಲು ಅದರಂತೆಯೇ ಇರುವ ಔಷಧಗುಣವಿಲ್ಲದ ಹುಸಿ ಗುಳಿಗೆ. ಯಾರಿಗೆ ಯಾವುದು ದೊರೆತಿದೆಯೆಂಬುದು ರೋಗಿಗೂ ಪರೀಕ್ಷಕನಿಗೂ ಕಡೆಯವರೆಗೆ ತಿಳಿಯದಂತೆ ಗೋಪ್ಯವಾಗಿಡುತ್ತಾರೆ. ಗಿಡ ತನ್ನ ನಂಬಿಕೆಯಿಂದ ಚೇತರಿಸಿಕೊಳ್ಳುವುದಿಲ್ಲ. ಮನುಷ್ಯ ಮಾತ್ರ ಎಷ್ಟೋ ವೇಳೆ ನಂಬಿಕೆಯಿಂದಲೇ ಹಗುರಾಗುತ್ತಾನೆ. ಆ ಕಾರಣದಿಂದ ಈ ಗೋಪ್ಯ ಅವಶ್ಯಕ.

ಪರೀಕ್ಷೆಯಲ್ಲಿ ಗೆದ್ದವು, ಸೋತವು

ಸರ್ಪಗಂಧದ ಚರಿತ್ರೆ ಮೂಲಿಕೆಯ ಗೆಲುವಿಗೆ ಉತ್ತಮ ನಿದರ್ಶನ. ಈ ಬೇರು ರಕ್ತದ ಒತ್ತಡವನ್ನು ತಗ್ಗಿಸುವುದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು ತಮ್ಮ ರೋಗಿಗಳ ಮೇಲಿನ ಫಲಿತಾಂಶಗಳನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತೇ ಕಿವಿಗೊಟ್ಟಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅದರ ಸಾರವಾದ ರಿಸರ್ಪಿನ್ ಬೇರ್ಪಟ್ಟಿತು. ಆದರೆ ಗುಣದ ಜೊತೆಗೆ ದೋಷವೂ ಹೊರಬಿದ್ದಿತು. ಪ್ರಮಾಣ ಮೀರಿದಾಗ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತು. ಬರಬರುತ್ತಾ ಬೇರೆ ಔಷಧಗಳು ಅದರ ಸ್ಥಾನವನ್ನು ಆಕ್ರಮಿಸಿದವು. ಗಿಡವೂ ಕಾಡಿನಲ್ಲಿ ವಿರಳವಾಯಿತು.

ಪಶ್ಚಿಮಘಟ್ಟದ ದುರ್ವಾಸನೆ ಮರದ ಕಥೆಯೂ ಬೋಧಪ್ರದವಾದುದು. ಕ್ಯಾಂಪ್ಟೊಥೆಸಿನ್ ಎಂಬ ದ್ರವ್ಯವನ್ನು ಅಮೆರಿಕದ ವಿಜ್ಞಾನಿಗಳು ಚೀನಾದ ಮರವೊಂದರಿಂದ ಮೊದಲು ತೆಗೆದರು. ಅದು 1966ರ ಮಾತು. ಅದೇ ದ್ರವ್ಯ ದುರ್ವಾಸನೆ ಮರದಲ್ಲಿಯೂ ಹೇರಳವಾಗಿದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಮೂಲದ್ರವ್ಯ ರೋಗಿಗಳಿಗೆ ಸಹಿಸಲಾಗದಷ್ಟು ಉಗ್ರವಾಗಿದ್ದುದರಿಂದ ಅದರ ಪ್ರಯೋಗ ನಿಂತಿತು. ರಸಾಯನತಜ್ಞರು ಅದನ್ನು ಮಾರ್ಪಡಿಸಿದ ಮೇಲೆ ಸಿದ್ಧವಾದ ಎರಡು ಔಷಧಗಳು 1996ರಿಂದ ಅರ್ಬುದರೋಗದ ಚಿಕಿತ್ಸೆಯಲ್ಲಿ ಅಮೆರಿಕದಲ್ಲಿ ಮಾನ್ಯವಾದವು. ಮರದ ತೊಗಟೆಯನ್ನು ಮನೆಯಲ್ಲಿ ಕುದಿಸಿ ಕುಡಿಯುವುದಕ್ಕೂ ಆ ಔಷಧಕ್ಕೂ ಅಜಗಜಾಂತರವಿದೆ ಎಂಬುದನ್ನು ಮರೆಯಬಾರದು.

ನೆಲನೆಲ್ಲಿಯ ವಿಷಯದಲ್ಲಿ ಪರೀಕ್ಷೆ ಬೇರೆ ಪಾಠ ಕಲಿಸಿತು. 'ಬಿ' ಜಾತಿಯ ಕಾಮಾಲೆಯ ವೈರಾಣುವನ್ನು ವರ್ಷಗಟ್ಟಲೆ ಹೊತ್ತಿರುವವರಿಗೆ ಮದರಾಸಿನಲ್ಲಿ ಒಂದು ತಿಂಗಳು ನೆಲನೆಲ್ಲಿಯ ಚೂರ್ಣ ಕೊಟ್ಟು ನೋಡಲಾಯಿತು. 37 ಜನರಲ್ಲಿ 22 ಜನರ ರಕ್ತದಿಂದ ವೈರಾಣುವಿನ ಕುರುಹು ಮರೆಯಾಯಿತು. ಹುಸಿ ಔಷಧ ಪಡೆದ 23 ಜನರಲ್ಲಿ ಮರೆಯಾದುದು ಒಬ್ಬರಲ್ಲಿ ಮಾತ್ರ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಈ ವರದಿ ಅಪಾರ ಆಸೆ ಹುಟ್ಟಿಸಿತು. ಆದರೆ ಇತರೆಡೆ ನಡೆದ ಪರೀಕ್ಷೆಗಳಲ್ಲಿ ಈ ಫಲ ಮರುಕಳಿಸಲಿಲ್ಲ. ಎಲ್ಲ ಪರೀಕ್ಷೆಗಳನ್ನೂ ಒಟ್ಟಿಗೆ ತೂಗಿದ 2011ರ ಕಾಕ್ರೇನ್ ವಿಮರ್ಶೆ, ಹುಸಿ ಔಷಧಕ್ಕಿಂತ ಇದು ಮೇಲೆಂಬುದಕ್ಕೆ ಮನವೊಪ್ಪುವ ಆಧಾರವಿಲ್ಲವೆಂದಿತು. ಒಂದು ಪರೀಕ್ಷೆ ನಿರ್ಣಯವಲ್ಲ, ಮರುಪರೀಕ್ಷೆಯಲ್ಲಿ ನಿಂತದ್ದೇ ಸತ್ಯ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಉಪ್ಪಾಗೆಯ ಉದಾಹರಣೆಯಂತೂ ಮಲೆನಾಡಿಗೆ ಬಹಳ ಹತ್ತಿರದ್ದು. ಒಣಗಿಸಿದ ಉಪ್ಪಾಗೆಯ ಸಿಪ್ಪೆ ಸಾರಿಗೆ ಹುಳಿಯಾಗಿ ಬಳಕೆಯಲ್ಲಿದ್ದುದು. ಅದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಗುರುತಿಸಿದರು. ಮುಂದೆ ಇದು ಬೊಜ್ಜು ಕರಗಿಸುವುದೆಂದು ಪ್ರಚಾರವಾಗಿ ಸಿಪ್ಪೆಗೆ ವಿದೇಶದ ಬೇಡಿಕೆ ಹುಟ್ಟಿತು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರಗಳ ಪರೀಕ್ಷೆ ನಡೆಯಿತು. ಉಪ್ಪಾಗೆಯ ಸಾರ ಸೇವಿಸಿದವರು ಸರಾಸರಿ 3.2 ಕಿಲೋ ಇಳಿದರು; ಹುಸಿ ಗುಳಿಗೆ ನುಂಗಿದವರು 4.1 ಕಿಲೋ ಇಳಿದರು! ಇಳಿಸಿದ್ದು ಪಥ್ಯವೇ ಹೊರತು ಉಪ್ಪಾಗೆಯಲ್ಲ. ಇಂಥ ಸಾರದ ಗುಳಿಗೆಗಳನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ವರದಿಗಳೂ ಬಂದಿವೆ. ಸಾರಿನ ಉಪ್ಪಾಗೆಗೆ ಇದರಿಂದ ಕಳಂಕವಿಲ್ಲ. ಅಡುಗೆಯ ಪ್ರಮಾಣ ಬೇರೆ, ಸಾರ ಹಿಂಡಿ ಗುಳಿಗೆ ಕಟ್ಟಿದ ಪ್ರಮಾಣ ಬೇರೆ.

ಕೇಡಿನ ಮೂಲಗಳು

ಮೂಲಿಕೆಯಿಂದ ಕೇಡು ಬರುವ ದಾರಿಗಳು ಹಲವು. ಮೊದಲನೆಯದು ಗಿಡದಲ್ಲಿಯೇ ಇರುವ ನಂಜು. ಈಶ್ವರಿಬಳ್ಳಿಯ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ನಂಬುತ್ತಾರೆ. ಹೆಸರಿನಲ್ಲಿಯೇ ಈಶ್ವರನಿರುವುದರಿಂದ ಸಂದೇಹಕ್ಕೆ ಎಡೆಯೂ ಕಡಿಮೆ. ಈ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೊಕಿಕ್ ಆಮ್ಲವೆಂಬ ದ್ರವ್ಯವಿದೆ. ಬೆಲ್ಜಿಯಂ ದೇಶದಲ್ಲಿ ಬೊಜ್ಜು ಇಳಿಸುವ ಗುಳಿಗೆಯಲ್ಲಿ ಬೇರೊಂದು ಚೀನೀ ಮೂಲಿಕೆಗೆ ಬದಲಾಗಿ ಇದೇ ಕುಲದ ಬೇರು ಸೇರಿಹೋಗಿ, ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಈ ಅನಾಹುತದ ಮೊದಲ ವರದಿ ಬಂದುದು 1993ರಲ್ಲಿ. ಅವರಲ್ಲಿ ಹಲವರಿಗೆ ಮುಂದೆ ಮೂತ್ರನಾಳದ ಅರ್ಬುದವೂ ಕಾಣಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನ ವಿಭಾಗ ಈ ದ್ರವ್ಯವನ್ನು ಮನುಷ್ಯರಲ್ಲಿ ಅರ್ಬುದಕಾರಕವೆಂದು ನಿಸ್ಸಂದೇಹವಾಗಿ ವರ್ಗೀಕರಿಸಿದೆ. ಈ ಕೇಡು ಕುಡಿದ ದಿನವೇ ಕಾಣುವುದಿಲ್ಲ, ವರ್ಷಗಳ ಮೇಲೆ ಕಾಣುತ್ತದೆ. 'ನಮ್ಮ ಅಜ್ಜ ಕುಡಿದರೂ ಏನೂ ಆಗಲಿಲ್ಲ' ಎಂಬ ಅನುಭವಪ್ರಮಾಣ ಸೋಲುವುದು ಇಲ್ಲಿಯೇ. ಮದ್ದು ಕುಡಿದ ದಿನಕ್ಕೂ ರೋಗ ಕಾಣಿಸಿದ ದಿನಕ್ಕೂ ನಡುವಣ ಸಂಬಂಧವನ್ನು ಒಂದು ಮನೆಯ ನೆನಪು ಹಿಡಿದಿಡಲಾರದು.

ಎರಡನೆಯದು ಗುರುತಿನ ತಪ್ಪು. ಕೊರೋನಾ ಹಾವಳಿಯ ದಿನಗಳಲ್ಲಿ ಅಮೃತಬಳ್ಳಿಯ ಕಷಾಯ ದೇಶದಾದ್ಯಂತ ಬಳಕೆಗೆ ಬಂದಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಊತ ಕಂಡುಬಂದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಬಳ್ಳಿಯಿಂದ ಹಾಗಾಗಿರಬಹುದೆಂದು ಆಯುಷ್ ಮಂತ್ರಾಲಯ ಆಕ್ಷೇಪವೆತ್ತಿತು. 2022ರಲ್ಲಿ 13 ಆಸ್ಪತ್ರೆಗಳ 43 ರೋಗಿಗಳನ್ನು ಕುರಿತ ವಿಸ್ತೃತ ವರದಿ ಬಂದಿತು. ಅಮೃತಬಳ್ಳಿಯು ಕೆಲವರ ದೇಹದ ರಕ್ಷಣಾಶಕ್ತಿಯನ್ನು ಅವರ ಯಕೃತ್ತಿನ ಮೇಲೆಯೇ ತಿರುಗಿಸಬಲ್ಲದೆಂದು ಅದರ ಲೇಖಕರು ಪ್ರತಿಪಾದಿಸಿದರು. ವಾದ-ಪ್ರತಿವಾದಗಳೇನೇ ಇರಲಿ, ಎರಡು ಎಚ್ಚರಗಳು ಇದರಿಂದ ಸ್ಪಷ್ಟ. ಬಳ್ಳಿಯ ಗುರುತು ಖಚಿತವಿರಬೇಕು. ಯಕೃತ್ತಿನ ರೋಗ ಅಥವಾ ಥೈರಾಯ್ಡಿನಂಥ ತೊಂದರೆ ಇರುವವರು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕಷಾಯ ಕುಡಿಯಬಾರದು.

ಮೂರನೆಯದು ವ್ಯಾಪಾರದ ಕಲಬೆರಕೆ. ಸ್ತ್ರೀರೋಗಗಳಿಗೆ ಬಳಸುವ ಅಶೋಕದ ತೊಗಟೆಯನ್ನು ಗಂಧಿಗೆ ಅಂಗಡಿಗಳಿಂದ ತಂದು ವಂಶವಾಹಿ ಪರೀಕ್ಷೆಗೆ ಒಳಪಡಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಶೇಕಡಾ 80ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಅಲ್ಲವೆಂದು ಅದರಲ್ಲಿ ತಿಳಿದುಬಂದಿತು. ನಿಜವಾದ ಅಶೋಕ ಕಾಡಿನಲ್ಲಿ ವಿರಳವಾದಷ್ಟೂ ಕಲಬೆರಕೆ ಹೆಚ್ಚುತ್ತದೆ. ಕಾಡಿನ ನಾಶ ಕಡೆಗೆ ರೋಗಿಯ ಬಟ್ಟಲಿಗೇ ಬಂದು ಮುಟ್ಟುತ್ತದೆ. ಇದರೊಡನೆ ಲೋಹಗಳ ಪ್ರಶ್ನೆಯೂ ಉಂಟು. 2004ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ತಯಾರಿಕೆಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣದ ಅಂಶ ಪತ್ತೆಯಾಯಿತು. 2006ರ ಜನವರಿ 1ರಿಂದ ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಲೋಹಪರೀಕ್ಷೆಯನ್ನು ಭಾರತ ಸರ್ಕಾರ ಕಡ್ಡಾಯ ಮಾಡಿತು.

ಸಂಸ್ಥೆಗಳು ಮತ್ತು ನಿಯಮಗಳು

ಆಯುರ್ವೇದ ಔಷಧಗಳು 1964ರ ತಿದ್ದುಪಡಿಯಿಂದ 1940ರ ಔಷಧ ಕಾಯಿದೆಯ ವ್ಯಾಪ್ತಿಗೆ ಬಂದವು. 2010ರಲ್ಲಿ ಸೇರಿಸಿದ ನಿಯಮದಂತೆ, ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಔಷಧವನ್ನು ಹೇಳಿದ ರೀತಿಯಲ್ಲಿಯೇ ತಯಾರಿಸಿದರೆ ಬಹುಮಟ್ಟಿಗೆ ಗ್ರಂಥವೇ ಆಧಾರ. ಹೊಸ ಉಪಯೋಗ ಹೇಳಿಕೊಳ್ಳುವವರು, ಹೊಸ ಬಗೆಯಲ್ಲಿ ಸಾರ ತೆಗೆಯುವವರು ಪ್ರತ್ಯೇಕ ಪುರಾವೆ ಒದಗಿಸಬೇಕಾಗುತ್ತದೆ. ಅಂಗಡಿಯ ಸೀಸೆಯ ಮೇಲೆ ಪರವಾನಗಿಯ ಸಂಖ್ಯೆ ಇದ್ದ ಮಾತ್ರಕ್ಕೆ ಅದರೊಳಗಿನ ಔಷಧ ಮೇಲೆ ವಿವರಿಸಿದಂಥ ಪರೀಕ್ಷೆಯಲ್ಲಿ ಗೆದ್ದಿದೆಯೆಂದು ಅರ್ಥವಲ್ಲ. ಔಷಧದಿಂದಾದ ತೊಂದರೆಗಳನ್ನು ದಾಖಲಿಸುವ ಜಾಲವೂ ಈಗ ಆಯುರ್ವೇದಕ್ಕೆ ಪ್ರತ್ಯೇಕವಾಗಿ ಇದೆ. ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ರಾಷ್ಟ್ರೀಯ ಕೇಂದ್ರ. ಕಷಾಯ ಕುಡಿದು ತೊಂದರೆಯಾದವರು ಅದನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳಿದರೆ ಮಾತ್ರ ಇಂಥ ಜಾಲಕ್ಕೆ ಪ್ರಯೋಜನವುಂಟು.

ಕೊಪ್ಪದಲ್ಲಿ ಎ. ಎಲ್. ಎನ್. ರಾವ್ ಸ್ಮಾರಕ ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವಿದ್ದು, ಕಾಡಿನ ನಡುವೆಯೇ ಮೂಲಿಕೆಗಳ ವ್ಯಾಸಂಗಕ್ಕೆ ಅವಕಾಶವಾಗಿದೆ. ಆಯುರ್ವೇದದ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಬಂಧಕ್ಕಾಗಿ ನಡೆಸುವ ಔಷಧಪರೀಕ್ಷೆಗಳು ಎಲ್ಲೆಡೆಯೂ ಸಾಮಾನ್ಯವಾಗಿ ಕೆಲವೇ ರೋಗಿಗಳ ಮೇಲೆ, ಕೆಲವೇ ತಿಂಗಳ ಅವಧಿಯಲ್ಲಿ ನಡೆಯುವಂಥವು. ಅವು ಸಂಶೋಧನೆಯ ಮೊದಲ ಮೆಟ್ಟಿಲು; ಕೊನೆಯ ಮಾತಲ್ಲ. ಹಲವು ಕಾಲೇಜುಗಳು ಕೂಡಿ ಒಂದೇ ಔಷಧವನ್ನು ಒಂದೇ ಕ್ರಮದಲ್ಲಿ ನೂರಾರು ರೋಗಿಗಳ ಮೇಲೆ ಪರೀಕ್ಷಿಸಿದರೆ, ಸೋತ ಪರೀಕ್ಷೆಯನ್ನೂ ಗೆದ್ದದ್ದರಂತೆಯೇ ಪ್ರಕಟಿಸಿದರೆ, ಮಲೆನಾಡಿನ ಮೂಲಿಕೆಗಳಿಗೆ ನಿಜವಾದ ಮಾನ ಬಂದೀತು.

ಮನೆಯವರಿಗೆ ವಿವೇಕ

ಈ ಮೂರು ತಾಲ್ಲೂಕುಗಳಲ್ಲಿ ಈ ವಿವೇಕಕ್ಕೆ ತುರ್ತು ಕಾರಣವೊಂದಿದೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಲ್ಲಿಗೂ ಹಬ್ಬಿದ್ದು, 2024ರಲ್ಲಿಯೂ ಇಲ್ಲಿ ಪ್ರಕರಣಗಳು ಕಂಡುಬಂದವು. ಉಣುಗು ಕಚ್ಚುವುದರಿಂದ ತಗಲುವ ಈ ಜ್ವರ ಮೊದಲಿಗೆ ಸಾಮಾನ್ಯ ಜ್ವರದಂತೆಯೇ ತೋರುತ್ತದೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿದೆ. ಈ ವೈರಾಣುವನ್ನು ಕೊಲ್ಲುವುದೆಂದು ಸಿದ್ಧಪಟ್ಟ ಕಷಾಯವೂ ಇಲ್ಲ, ಗುಳಿಗೆಯೂ ಇಲ್ಲ. ಹೊತ್ತಿಗೆ ಸರಿಯಾಗಿ ರಕ್ತಪರೀಕ್ಷೆ ಮತ್ತು ಆಸ್ಪತ್ರೆಯ ಆರೈಕೆಯೇ ರಕ್ಷೆ. ಕಾಡಿಗೆ ದರಗು ಗುಡಿಸಲು, ಸೌದೆ ತರಲು ಹೋಗಿಬಂದವರಿಗೆ ಬೇಸಿಗೆಯಲ್ಲಿ ಜ್ವರ ಬಂದರೆ, ಕಷಾಯ ಕುಡಿಸುತ್ತಾ ಮೂರು ದಿನ ಕಾಯುವುದು ಪ್ರಾಣದೊಡನೆ ಆಡಿದಂತೆ. ಹಾವಿನ ಕಡಿತ, ಕಾಮಾಲೆಯಲ್ಲಿ ಮಂಪರು, ರಕ್ತಸ್ರಾವ ಇವುಗಳಿಗೂ ಇದೇ ಮಾತು ಸಲ್ಲುತ್ತದೆ.

ಹಾಗೆಂದು ಹಿತ್ತಿಲ ಗಿಡಗಳನ್ನು ಕಿತ್ತೊಗೆಯಬೇಕಾದುದಿಲ್ಲ. ಒಂದೆಲಗದ ತಂಬುಳಿ, ದೊಡ್ಡಪತ್ರೆಯ ಚಟ್ನಿ, ಶುಂಠಿ-ಮೆಣಸಿನ ಕಷಾಯ ಊಟದ ಪ್ರಮಾಣದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿವೆ. ಅವು ಹಾಗೆಯೇ ಉಳಿಯಲಿ. ಗರ್ಭಿಣಿಯರಿಗೆ, ಕೂಸುಗಳಿಗೆ, ರಕ್ತದೊತ್ತಡ-ಸಕ್ಕರೆ ಕಾಯಿಲೆಗಳಿಗೆ ಗುಳಿಗೆ ನುಂಗುತ್ತಿರುವವರಿಗೆ ಮೂಲಿಕೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕು. ಏಕೆಂದರೆ ಒಂದು ಮದ್ದು ಇನ್ನೊಂದರ ಬಲವನ್ನು ಏರಿಸಬಹುದು, ಇಳಿಸಲೂಬಹುದು. ಹೆಸರಿಲ್ಲದ ಪುಡಿ, ಒಳಗೇನಿದೆಯೆಂದು ಹೇಳದ ಗುಳಿಗೆ ಎಷ್ಟೇ ಪ್ರಸಿದ್ಧರ ಕೈಯಿಂದ ಬಂದರೂ ಬೇಡವೆನ್ನುವ ಧೈರ್ಯವಿರಬೇಕು.

ಔಷಧವನ್ನು ಗುಟ್ಟಾಗಿಟ್ಟರೆ ಅದರ ಶಕ್ತಿ ಉಳಿಯುತ್ತದೆಂಬ ನಂಬಿಕೆ ನಾಟಿವೈದ್ಯದಲ್ಲಿ ಬಹುಕಾಲದಿಂದ ಬಂದುದು. ಇದರಿಂದ ಎಷ್ಟೋ ಒಳ್ಳೆಯ ತಿಳಿವಳಿಕೆ ಬಲ್ಲವರೊಡನೆಯೇ ಮಣ್ಣಾಯಿತು. ಎಷ್ಟೋ ಕೆಟ್ಟ ಮದ್ದು ಪರೀಕ್ಷೆಯಿಂದ ತಪ್ಪಿಸಿಕೊಂಡಿತು. ಅನುಭವಮಂಟಪದ ಪರಂಪರೆಯವರಿಗೆ ಇದಕ್ಕಿಂತ ಬೇರೆಯಾದ ದಾರಿ ಅಪರಿಚಿತವಲ್ಲ. ಒಬ್ಬನ ಅನುಭವ ಹಲವರ ಮುಂದೆ ತೆರೆದಿಟ್ಟು ವಿಚಾರಕ್ಕೆ ಒಳಗಾದಾಗ ಮಾತ್ರ ಎಲ್ಲರಿಗೂ ಪ್ರಮಾಣವಾಗುತ್ತದೆ ಎಂಬುದು ಆ ದಾರಿ. ಮೂಲಿಕೆಯ ಸಂಶೋಧನೆ ಬೇಡುವುದೂ ಇಷ್ಟನ್ನೇ. ವೈದ್ಯ ತಾನು ಕೊಟ್ಟದ್ದೇನೆಂದು ಹೇಳಬೇಕು. ರೋಗಿ ತಾನು ಕುಡಿದದ್ದೇನೆಂದು ಹೇಳಬೇಕು. ಇಬ್ಬರ ಮಾತನ್ನೂ ಎಣಿಸಿ, ತೂಗಿ, ಬರೆದಿಡುವವರಿರಬೇಕು. ಆಗ ಔಷಧ ಕೊಡುವ ಕಾಯಕ ಸತ್ಯಶುದ್ಧವಾಗುತ್ತದೆ. ಹಿತ್ತಿಲ ಗಿಡಕ್ಕೆ ಸಲ್ಲಬೇಕಾದ ಗೌರವವೂ ಆಗಲೇ ಸಲ್ಲುತ್ತದೆ.